ಮೇಕೆ ಮೊದಲು ಮರಿಯ ಮೂತಿ ನೆಕ್ಕುವುದೇಕೆ

ಲೋಕ ಇನ್ನೂ ಹೊಸದಾಗಿತ್ತು. ಬೆಟ್ಟಗಳ ಮೈ ಆರಿರಲಿಲ್ಲ. ಯಾವ ಜೀವಕ್ಕೆ ಏನು ಬೇಕಾದೀತು ಎಂದು ಯಾರೂ ಪೂರ್ತಿ ಯೋಚಿಸಿರಲಿಲ್ಲ. ಯೋಚಿಸಿದ್ದೇವೆ ಎಂದು ಮಾತ್ರ ಎಲ್ಲರೂ ಹೇಳುತ್ತಿದ್ದರು.

ಆಗ ತಾಯಿಯ ಹೊಟ್ಟೆಯೊಳಗೆ ಮರಿ ಬರಿಮೈಯಲ್ಲಿ ಇರುತ್ತಿತ್ತು. ಸುತ್ತ ನೀರಿಲ್ಲ, ಹೊದಿಕೆಯಿಲ್ಲ. ತಾಯಿ ಎಡವಿದರೆ ಮರಿಗೆ ಪೆಟ್ಟು. ತಾಯಿ ಜಿಗಿದರೆ ಮರಿಗೆ ಪೆಟ್ಟು.

ಕರಿಗಿವಿ ಎಂಬ ಮೇಕೆಯೊಂದಿತ್ತು. ಮೇಕೆ ಎಂದ ಮೇಲೆ ಜಿಗಿಯದೆ ಇರಲಾಗುವುದಿಲ್ಲ. ಅವಳ ಮೂರು ಮರಿಗಳು ಹೊಟ್ಟೆಯಲ್ಲೇ ಸತ್ತು ಹುಟ್ಟಿದವು. ಮೂರು ಸಲವೂ ನೆರೆಯವರು ಬಂದು ಸುತ್ತ ಕೂತು ಕಾರಣ ಹೇಳಿದರು. ಎಡ ಮಗ್ಗುಲಿಗೆ ಮಲಗಿದ್ದೇ ತಪ್ಪು ಎಂದಿತು ಕತ್ತೆ. ಅಲ್ಲ, ಬಲ ಮಗ್ಗುಲಿಗೆ ಎಂದಳು ಕುರಿ ದೊಡ್ಡಮ್ಮ. ಕೊನೆಗೆ ಎರಡೂ ಸರಿ ಎಂದು ಒಪ್ಪಿಕೊಂಡು, ಅವಳ ಪಾಲಿನ ಸೊಪ್ಪು ತಿಂದು ಹೊರಟರು.

ನಾಲ್ಕನೆಯ ಮರಿ ಹೊಟ್ಟೆಯಲ್ಲಿ ಮಿಸುಕಿದ ದಿನ ಕರಿಗಿವಿಗೆ ಸಂತೋಷವಾಗಲಿಲ್ಲ. ಅವಳು ನೆಟ್ಟಗೆ ಹಳ್ಳದ ಬಳಿ ಹೋದಳು.

“ಹಳ್ಳವ್ವ, ನಿನ್ನೊಳಗಿನ ಮೀನಿಗೆ ಪೆಟ್ಟೇ ಬೀಳುವುದಿಲ್ಲ. ನನ್ನ ಮರಿಗೂ ಒಂದಿಷ್ಟು ನೀರು ಕೊಡು.”

“ಕೊಡೋಣಮ್ಮ,” ಎಂದಿತು ಹಳ್ಳ. “ಆದರೆ ನನಗೆ ಒಂದು ಕಡೆ ನಿಂತು ಅಭ್ಯಾಸವಿಲ್ಲ. ಹಿಡಿದಿಡಲು ಏನಾದರೂ ತಾ. ಮತ್ತೆ, ಹೊರಡುವಾಗ ನಾನೇ ಮುಂದೆ. ನಿನ್ನ ಮರಿ ಆಮೇಲೆ.”

ಪಕ್ಕದ ಮುಳ್ಳುಪೊದೆಯಲ್ಲಿ ಕೇರೆಹಾವು ಆಗಷ್ಟೇ ಪೊರೆ ಬಿಟ್ಟಿತ್ತು. ತೆಳ್ಳಗಿನ ಪೊರೆ, ಒಂದು ತೂತೂ ಇಲ್ಲ. ಕರಿಗಿವಿ ಅದನ್ನು ಬೇಡಿದಳು. ನಾನು ಬಿಸಾಡಿದ್ದನ್ನು ಕೇಳಿಕೊಂಡು ಬಂದವಳು ನೀನೇ ಮೊದಲು ಎಂದು ಕೇರೆ ನಕ್ಕಿತು, ಧಾರಾಳವಾಗಿ ಕೊಟ್ಟಿತು.

ಕರಿಗಿವಿ ಪೊರೆ ನುಂಗಿದಳು, ನೀರು ಕುಡಿದಳು. ಆ ಹೊಸ ಕಾಲದಲ್ಲಿ ನುಂಗಿದ್ದು ಮನಸ್ಸು ಹೇಳಿದ ಜಾಗಕ್ಕೆ ಹೋಗುತ್ತಿತ್ತು. ಒಬ್ಬ ತಾಯಿಗೆ ಸಿಕ್ಕಿದ್ದು ಎಲ್ಲ ತಾಯಂದಿರಿಗೂ ಸಿಗುತ್ತಿತ್ತು. ಕುರಿ ದೊಡ್ಡಮ್ಮನಿಗೂ ಸಿಕ್ಕಿತು. ಇದನ್ನೇ ನಾನು ಮೊದಲಿನಿಂದ ಹೇಳುತ್ತಿದ್ದೆ ಎಂದಳು ಅವಳು.

ಕರಿಗಿವಿ ಜಿಗಿದಳು, ಮರಿ ತೇಲಿತು. ಎಡವಿದಳು, ಮರಿ ತೇಲಿತು. ಎಷ್ಟೋ ಕಾಲದ ಮೇಲೆ ಅವಳಿಗೆ ನಿದ್ದೆ ಬಂತು.

ಒಂದು ಬೆಳಿಗ್ಗೆ, ಹೇಳಿದಂತೆ ನೀರು ಮೊದಲು ಹೊರಟಿತು. ಅದರ ಹಿಂದೆ ಪೊರೆಯೊಳಗೆ ಸುತ್ತಿಕೊಂಡ ಮರಿ ಬಂತು. ಜೀವಂತ ಮರಿ. ಪೊರೆಯೊಳಗೇ ಕಾಲು ಆಡಿಸುತ್ತಿತ್ತು.

ಈ ಹೊದಿಕೆ ಇಲ್ಲದೆ ಮೂರು ಮರಿ ಹೋಗಿದ್ದವು. ಹೊರಗಾದರೋ ಕಲ್ಲಿದೆ, ಮುಳ್ಳಿದೆ, ನರಿಯಿದೆ. ಇಂಥ ಜಾಗದಲ್ಲಿ ಯಾವ ತಾಯಿ ಹೊದಿಕೆ ತೆಗೆದಾಳು? ಕರಿಗಿವಿ ಎಚ್ಚರಿಕೆಯಿಂದ, ಪೊರೆಗೆ ಒಂದು ಹಲ್ಲೂ ತಾಗದಂತೆ, ಮರಿಯನ್ನು ಎಳೆಹುಲ್ಲಿಗೆ ತಳ್ಳಿ ಅದರ ಮೇಲೆ ಅಡ್ಡ ನಿಂತಳು. ಮೂಸಲು ಬಂದ ದೊಡ್ಡಮ್ಮನನ್ನು ಹಾಯ್ದು ಓಡಿಸಿದಳು.

ಮರಿಯ ಕಾಲು ಜೋರಾಗಿ ಆಡಿತು. ಆಮೇಲೆ ಮೆಲ್ಲಗೆ ಆಡಿತು. ಆಮೇಲೆ ನಿಂತಿತು. ಮಲಗಿತು ಎಂದುಕೊಂಡಳು ಕರಿಗಿವಿ. ಎಚ್ಚರವಾದೀತೆಂದು ಉಸಿರನ್ನೂ ಮೆಲ್ಲಗೆ ಬಿಟ್ಟಳು.

ಮಧ್ಯಾಹ್ನದ ಹೊತ್ತಿಗೆ ಗಾಳಿ ಮಾತಾಡಿತು.

“ಮರಿಯ ಮೂಗಿನ ಹತ್ತಿರವೇ ನಿಂತಿದ್ದೆ ಕಣಮ್ಮ. ನೀನು ಒಳಗೆ ಬಿಡಲಿಲ್ಲ.”

ಕರಿಗಿವಿ ಕೇರೆಯ ಬಳಿ ಓಡಿದಳು. ಪೊರೆಯನ್ನು ಹರಿಯಬೇಕು ಎಂದು ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಕೇರೆಗೆ ನಿಜವಾಗಿಯೂ ಆಶ್ಚರ್ಯವಾಯಿತು.

“ಅದನ್ನೂ ಹೇಳಬೇಕಿತ್ತಾ ತಂಗಿ? ನಮ್ಮಲ್ಲಿ ಎಲ್ಲರಿಗೂ ಗೊತ್ತು.”

ಅವಳು ತಿರುಗಿ ಬಂದು ಮರಿಯ ಮೂತಿಯ ಮೇಲಿನ ಪೊರೆಯನ್ನು ನೆಕ್ಕಿ ತೆಗೆದಳು. ಮೂಗಿನ ಮೇಲೆ ಬಿಳಿ ಮಚ್ಚೆಯಿತ್ತು. ಅದನ್ನು ಅವಳು ಆಗಲೇ ಕಂಡದ್ದು. ಹೊತ್ತು ಮುಳುಗುವ ತನಕ ನೆಕ್ಕಿದಳು, ಮರಿ ಮಿಸುಕಲಿಲ್ಲ. ನೆರೆಯವರು ಬಂದು ಸುತ್ತ ಕೂತು ಕಾರಣ ಹೇಳತೊಡಗಿದರು. ಈ ಸಲ ಕಾರಣ ಅವಳಿಗೇ ಗೊತ್ತಿತ್ತು.

ಒಬ್ಬ ತಾಯಿ ಕಲಿತದ್ದೂ ಎಲ್ಲ ತಾಯಂದಿರಿಗೆ ಹೋಗುತ್ತಿತ್ತು. ಅದಕ್ಕೇ ಇವತ್ತಿಗೂ ಹಿತ್ತಲಲ್ಲಿ ಮೇಕೆ ಈಯುವಾಗ ಮೊದಲು ನೀರು ಹೋಗುತ್ತದೆ, ಹಿಂದೆ ಪೊರೆ ಸುತ್ತಿದ ಮರಿ ಬೀಳುತ್ತದೆ, ತಾಯಿ ಎಷ್ಟೇ ದಣಿದಿದ್ದರೂ ತಟ್ಟನೆ ತಿರುಗಿ ಮರಿಯ ಮೂತಿಯನ್ನೇ ಮೊದಲು ನೆಕ್ಕುತ್ತದೆ. ನೋಡಿದವರು ಅದನ್ನು ಮುದ್ದು ಎನ್ನುತ್ತಾರೆ.