ಅಜ್ಜನ ದನಿ ತೆಗೆಯಲು ಹೊರಟ ಪೆಡಲ್ಲು

ಕೊಟ್ರೇಶನ ಆರ್ಕೆಸ್ಟ್ರಾದಲ್ಲಿ ಗಿಟಾರಿನ ದನಿ ಹೆಚ್ಚಿಸುತ್ತಿದ್ದ ಮುದಿ ವಾಲ್ವ್ ಆಂಪ್ಲಿಫೈಯರ್ ಸುಟ್ಟುಹೋಯಿತು. ಅದರದು ಬೆಚ್ಚಗಿನ ದನಿ. ತಂತಿಯನ್ನು ಜೋರಾಗಿ ಮೀಟಿದಾಗ ಮಾತ್ರ ತುಸು ಒಡೆಯುತ್ತಿತ್ತು. "ಆ ದನಿ ತೆಗೆಯೋದು ನನಗೆ ಎಡಗೈ ಆಟ" ಎಂದು ಕಾಲಲ್ಲಿ ಒತ್ತುವ ಹೊಸ ಪೆಡಲ್ಲು ಎದೆ ತಟ್ಟಿಕೊಂಡು ಬಂದಿತು. ಸಂಜೆಯೊಳಗೆ ಆ ದನಿ ಬಾರದಿದ್ದರೆ ಅಂಗಡಿಗೆ ವಾಪಸ್ ಎಂದಿದ್ದ ಕೊಟ್ರೇಶ.

ಗಿಟಾರಿಗೂ ಬೇರೊಂದು ಸ್ಪೀಕರಿಗೂ ನಡುವೆ ಕೂತ ಪೆಡಲ್ಲು ದನಿ ಒಡೆಸುವ ತನ್ನ ತಿರುಪನ್ನು ಅರ್ಧ ಏರಿಸಿತು, ಗರಗರ. ಪೂರ್ತಿ ಏರಿಸಿತು, ಹಿಟ್ಟಿನ ಗಿರಣಿ!

"ಏನೋ ತಮ್ಮಾ, ಆ ಆಂಪ್ಲಿಫೈಯರ್ ಅಜ್ಜ ಹಾಡುತ್ತಿದ್ದ. ನೀನು ಜಗಳಕ್ಕೆ ನಿಂತೆಯಲ್ಲ!" ಎಂದಿತು ಗಿಟಾರು.

"ಒಡೆದ ದನಿ ತಾನೇ ಬೇಕಿದ್ದದ್ದು ಗಿಟಾರಕ್ಕ? ಅಜ್ಜನ ಹತ್ತರಷ್ಟು ಒಡೆಯುತ್ತಿದ್ದೇನೆ!" ಎಂದಿತು ಪೆಡಲ್ಲು. ಪಕ್ಕದ ಕೋಣೆಯಲ್ಲಿ ಕೊಟ್ರೇಶ ಆಗಲೇ ಅದನ್ನು ಮರಳಿಸಲು ಅದರ ಡಬ್ಬಿ ಹುಡುಕುತ್ತಿದ್ದ.

"ಅಜ್ಜ ತಡೆಯುವಷ್ಟು ತಡೆಯುತ್ತಿದ್ದ. ನನ್ನ ಪೆಟ್ಟು ಅವನ ಶಕ್ತಿ ಮೀರಿದಾಗಷ್ಟೇ ದನಿ ಬಿರಿಯುತ್ತಿತ್ತು. ನೀನು ಮುಟ್ಟುವ ಮೊದಲೇ ಅರಚುತ್ತೀಯ" ಎಂದಿತು ಗಿಟಾರು.

ತಿರುಪು ಇಳಿಸುವುದೆಂದರೆ ಪೆಡಲ್ಲಿಗೆ ಮೀಸೆ ಬೋಳಿಸಿಕೊಂಡ ಹಾಗೆ. ಆದರೂ ಡಬ್ಬಿಯ ಮುಚ್ಚಳ ತೆರೆದ ಸದ್ದು ಕೇಳಿದ್ದೇ ಇಳಿಸಿತು. ಗಿಟಾರು ಮೆಲ್ಲಗೆ ನುಡಿಯಿತು; ಪೆಡಲ್ಲು ಹಲ್ಲು ಕಚ್ಚಿಕೊಂಡು ಅದನ್ನು ಇದ್ದ ಹಾಗೆಯೇ ಸ್ಪೀಕರಿಗೆ ದಾಟಿಸಿತು. ಗಿಟಾರು ಬಲವಾಗಿ ನುಡಿಯಿತು. ಪೆಡಲ್ಲು ತಡೆದು, ತಡೆಯಲಾರದೆ, ತುಸುವೇ ಬಿರಿಯಿತು.

ಕೊಟ್ರೇಶ ಡಬ್ಬಿ ಹಿಡಿದೇ ಓಡಿಬಂದು, ಮೂಲೆಯಲ್ಲಿದ್ದ ಸುಟ್ಟ ಆಂಪ್ಲಿಫೈಯರ್ ಮುಂದೆ ಕುಕ್ಕರಗಾಲಲ್ಲಿ ಕೂತ. "ಲೇ ಮುದುಕಾ, ಇನ್ನೂ ಬದುಕಿದ್ದೀಯೇನೋ!"

'ಅದು ನಾನು' ಎಂಬ ಮಾತು ಪೆಡಲ್ಲಿನ ಬಾಯಿತನಕ ಬಂತು. ನುಂಗಿಕೊಂಡಿತು.