ಇಲ್ಲ ಅನ್ನುವ ಮಜ್ಜಿಗೆ

ಬಾವಿಯ ನೀರನ್ನು ಎತ್ತುಗಳೇ ತೋಟಕ್ಕೆ ಎಳೆಯುತ್ತಿದ್ದ ಕಾಲ. ಏಳು ಕೆರೆ ದಾಟಿದರೆ ಸಿಗುವ ಒಂದು ಊರಲ್ಲಿ ಸಣ್ಣೀರ ಅಂತ ಒಬ್ಬನಿದ್ದನಂತೆ. ಅವನದು ಕಪಿಲೆ ಹೊಡೆಯುವ ಕೆಲಸ. ಎತ್ತುಗಳು ಇಳಿಜಾರಿನಲ್ಲಿ ಮುಂದೆ ನಡೆದರೆ ಚರ್ಮದ ಬಾನಿ ತುಂಬಿಕೊಂಡು ಮೇಲೆ ಬರೋದು, ಹಿಂದೆ ಸರಿದರೆ ಕೆಳಗಿಳಿಯೋದು. ಇವನು ಹಗ್ಗದ ಮೇಲೆ ಕೂತು ಹಾಡೋನು. ಹಾಡಿಗೆ ತಕ್ಕಂತೆ ಎತ್ತುಗಳು ಹೆಜ್ಜೆ ಹಾಕೋವು.

ಒಂದು ವರ್ಷ ಯಜಮಾನ ತೋಟವನ್ನು ಅಳಿಯನಿಗೆ ಕೊಟ್ಟನಂತೆ. ಅಳಿಯ ತನ್ನೂರಿನ ಆಳನ್ನೇ ಕರೆತಂದ. ಸಣ್ಣೀರನಿಗೆ ಕೆಲಸವೂ ಹೋಯಿತು, ತೋಟದ ಗುಡಿಸಲೂ ಹೋಯಿತು. ಹೆಂಡತಿ ಚೆಲುವಿ ಬಟ್ಟೆ ಗಂಟು ಕಟ್ಟಿದಳು.

"ತವರಲ್ಲಿರ್ತೀನಿ. ಕೆಲಸ ಸಿಕ್ಕಿದ ದಿನ ಬಂದು ಕರ್ಕೊಂಡೋಗು. ಅಲ್ಲೀಗಂಟ ಬಂದು ನಮ್ಮತ್ತಿಗೆ ಬಾಯಿಗೆ ಬೀಳಬ್ಯಾಡ."

ಆ ಸೀಮೆಯಲ್ಲಿ ಒಂದು ರೂಢಿ. ಕೆಲಸ ಕೇಳಿ ಬಂದವನಿಗೆ ಬಾಯಿಬಿಟ್ಟು ಇಲ್ಲ ಅನ್ನುತ್ತಿರಲಿಲ್ಲವಂತೆ. ಕೆಲಸ ಇದ್ದರೆ ಎಲೆ ಅಡಿಕೆ ಕೊಡೋರು, ಇಲ್ಲದಿದ್ದರೆ ಮಜ್ಜಿಗೆ. ಮಜ್ಜಿಗೆ ಕುಡಿದವನು ಲೋಟ ಬೋರಲು ಹಾಕಿ, ಮಾತಿಲ್ಲದೆ ಎದ್ದು ಹೋಗಬೇಕು.

ಸಣ್ಣೀರ ಮೊದಲನೇ ಊರಿಗೆ ಹೋದ. ಶುಂಠಿ ಜಜ್ಜಿ ಹಾಕಿದ ಗಟ್ಟಿ ಮಜ್ಜಿಗೆ ಕೊಟ್ಟರು. ಕುಡಿದ, ಬೋರಲು ಹಾಕಿದ, ಎದ್ದ. ಎರಡನೇ ಊರಿಗೆ ಹೋದ. ಉಪ್ಪು ಹೆಚ್ಚಾದ ಮಜ್ಜಿಗೆ. ಕುಡಿದ, ಬೋರಲು ಹಾಕಿದ, ಎದ್ದ. ಮೂರನೇ ಊರಲ್ಲಿ ಬರೀ ನೀರು ಮಜ್ಜಿಗೆ. ಅದನ್ನು ಅರ್ಧ ಕುಡಿದು, ಉಳಿದಿದ್ದನ್ನು ಬಾಗಿಲಲ್ಲಿದ್ದ ಒಂದು ಕಂದು ನಾಯಿಗೆ ಸುರಿದ. ನಾಯಿ ನೆಕ್ಕಿ ಮುಗಿಸಿ ಹಿಂದೆಯೇ ಬಂದು ಕೇಳಿತಂತೆ:

"ಯಾಕಣ್ಣ, ಮುಖ ಹಿಂಗೆ ಮಾಡ್ಕೊಂಡೀಯ?"

"ಎಲ್ಲಿ ಹೋದ್ರೂ ಬ್ಯಾಡ ಅಂತಾರೆ ಕಣೋ."

"ನಿಂಗಾದ್ರೆ ಮಜ್ಜಿಗೆ. ನಂಗೆ ಕಲ್ಲು. ಆದ್ರೂ ನಾಳೆ ಅದೇ ಬಾಗಿಲಿಗೆ ಹೋಗ್ತೀನಿ."

"ನಿಂಗೆ ನಾಚಿಕೆ ಇಲ್ಲ."

"ಹಸಿವು ಐತಲ್ಲಣ್ಣ."

ನಾಲ್ಕನೇ ಊರಾಯಿತು, ಐದನೇದಾಯಿತು. ನಡೆಯುತ್ತ ನಡೆಯುತ್ತ ಸಣ್ಣೀರನಿಗೆ ಹಳೆಯ ಬಾವಿಯೇ ನೆನಪು. ಬೆಳಗಿನ ಹೊತ್ತು ನೆನೆದ ಚರ್ಮದ ವಾಸನೆ, ಹಗ್ಗದ ಗಾಲಿ ಕಿರಿಗುಟ್ಟುವ ಸದ್ದು, ಬುತ್ತಿ ಹೊತ್ತು ಬದುವಿನ ಮೇಲೆ ಬರುತ್ತಿದ್ದ ಚೆಲುವಿ. ಹಾಡೋಣ ಅಂತ ಬಾಯಿ ತೆರೆದರೆ ಮೊದಲ ಸೊಲ್ಲು ಬಂತು, ಎರಡನೆಯದು ಬರಲಿಲ್ಲ. ಆರನೇ ಊರು ದಾಟುವ ಹೊತ್ತಿಗೆ ಮೊದಲನೆಯದೂ ಹೋಗಿತ್ತಂತೆ.

ಏಳನೇ ಊರಲ್ಲಿ ದ್ಯಾವಮ್ಮ ಅನ್ನೋ ಮುದುಕಿಯ ಹೂವಿನ ತೋಟ. ಬಾವಿಯ ಹತ್ತಿರ ಎರಡು ಎತ್ತು ಸುಮ್ಮನೆ ಮಲಗಿದ್ದವು.

"ಹಾಡೋಕೆ ಬರ್ತದೇನಪ್ಪಾ?"

"ಬರ್ತಿತ್ತವ್ವಾ."

ಮುದುಕಿ ಅವನನ್ನು ಒಂದು ಸಲ ನೋಡಿ ಒಳಗೆ ಹೋದಳು. ಕರಿಬೇವು ಹಾಕಿದ ಮಜ್ಜಿಗೆ ತಂದು ಕೊಟ್ಟು ಮತ್ತೆ ಒಳಗೆ ಹೋದಳು. ಸಣ್ಣೀರ ಕುಡಿದ, ಬೋರಲು ಹಾಕಿದ, ಎದ್ದ. ನಾಯಿ ಮಾತ್ರ ಏಳಲಿಲ್ಲ.

"ಬಾರೋ, ಹೋಗೋಣ."

"ಬಾಗಿಲು ನೋಡಣ್ಣ."

"ಏನು ನೋಡೋದು?"

"ಬೇರೆ ಮನೇರು ಲೋಟ ಕೊಟ್ಟು ಬಾಗಿಲು ಎಳ್ಕೊಂಡ್ರು. ಈವಮ್ಮ ತೆಗೆದೇ ಬಿಟ್ಟವಳೆ. ನೀನು ಲೋಟ ನೋಡ್ದೆ, ಮುಖ ನೋಡ್ಲಿಲ್ಲ."

ಅಷ್ಟರಲ್ಲಿ ದ್ಯಾವಮ್ಮ ಸೆರಗಿನಲ್ಲಿ ವೀಳ್ಯದೆಲೆ ಒರೆಸುತ್ತ ಬಂದಳಂತೆ. "ಮನೇಲಿದ್ದ ಎಲೆ ಬಾಡಿತ್ತು, ಹಿತ್ಲಿಂದ ಕಿತ್ಕೊಂಡು ಬರೋದ್ರೊಳಗೆ ಎಲ್ಲಿಗೋ ಹೊಂಟೆ?"

"ಮಜ್ಜಿಗೆ ಕೊಟ್ರಲ್ಲವ್ವಾ…"

"ಬಿಸಿಲಲ್ಲಿ ಬಂದೋನಿಗೆ ಇನ್ನೇನು ಕೊಡ್ಲಿ? ತಗೋ, ಕೈ ಒಡ್ಡು."

ಸಣ್ಣೀರ ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳಲೂ ಆಗದೆ, ಅಂಗೈಯಲ್ಲಿ ಹಿಡಿದು ನಿಂತನಂತೆ. ಆಮೇಲೆ ಎತ್ತುಗಳನ್ನು ಎಬ್ಬಿಸಿ ನೊಗ ಹೂಡಿದ, ಹಗ್ಗದ ಮೇಲೆ ಕೂತ. ಗಾಲಿ ಕಿರಿಗುಟ್ಟಿತು. ಎರಡನೇ ಸೊಲ್ಲು ಮೊದಲು ಬಂತು, ಮೊದಲನೆಯದು ಆಮೇಲೆ ಬಂತು.

ಸಂಜೆಯೇ ಹೋಗಿ ಚೆಲುವಿಯನ್ನು ಕರೆತಂದ. ಅಂದಿನಿಂದ ಆ ತೋಟಕ್ಕೆ ಯಾರೇ ಕೆಲಸ ಕೇಳಿ ಬಂದರೂ ಸಣ್ಣೀರನೇ ಎದ್ದು ಅವರೆದುರಿಗೆ ಹೋಗೋನಂತೆ. ಕೆಲಸ ಇಲ್ಲದಿದ್ದರೆ, "ಇಲ್ಲಪ್ಪ, ಈಗ ಇಲ್ಲ" ಅಂತ ಬಾಯಿಬಿಟ್ಟು ಹೇಳಿ, ಆಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಮಜ್ಜಿಗೆ ಕೊಡೋನು. ಆ ಮಜ್ಜಿಗೆ ಬರೀ ಮಜ್ಜಿಗೆಯೇ ಆಗಿರುತ್ತಿತ್ತು.

ಅವರ ಬಾವಿ ಅಲ್ಲಿ ತುಂಬಿರಲಿ. ಇಲ್ಲಿ ಕತೆ ಹೇಳಿದವನಿಗೆ ಬಾಯಾರಿದೆ. ಮಜ್ಜಿಗೆ ಇದ್ದರೆ ತನ್ನಿ, ಎದ್ದು ಹೋಗುವುದಿಲ್ಲ.