ಸಾಹುಕಾರರಿಗೆ ಶಾಲು ಹೊದಿಸಿದ್ದು

ರಾಯಚೂರಿನ ಮೇ ತಿಂಗಳು. ಸಭಾಭವನದಲ್ಲಿ ಇಟ್ಟಿಗೆ ಭಟ್ಟಿಗಳ ಒಡೆಯ ಸಂಗನಬಸಪ್ಪ ಸಾಹುಕಾರರಿಗೆ ಸನ್ಮಾನ. ಮೈಕು ಸಿಕ್ಕಿದ್ದೇ ತಡ, ಅವರು ಭೂಮಿಯ ಏರುತ್ತಿರುವ ಬಿಸಿಯನ್ನೆಲ್ಲ ಸೂರ್ಯನ ತಲೆಗೆ ಕಟ್ಟಿದರು.

"ನಮ್ಮ ಹೊಗಿಯಿಂದ ಎಷ್ಟು ಬಿಸಿ ಅಂತ ಯಾರಾದ್ರೂ ಪಕ್ಕಾ ಲೆಕ್ಕ ಕೊಡ್ಲಿ. ಅಲ್ಲೀತನಕ ಒಂದು ಭಟ್ಟಿನೂ ಆರಸಂಗಿಲ್ಲ!"

ಭಟ್ಟಿಯ ಪಕ್ಕದಲ್ಲೇ ಮನೆಯಿದ್ದ, ಸಭಾಭವನದ ಜವಾನ ಹುಸೇನಪ್ಪ ಕೆಮ್ಮಿದ.

"ಯಾಕಲೇ ಕೆಮ್ಮತಿ?" ಸಾಹುಕಾರರು ಗದರಿದರು. "ಸಭಾದ ಅಧ್ಯಕ್ಷರು ಇನ್ನಾ ಬಂದಿಲ್ಲ, ಅವರ ದಾರಿ ಕಾಯಾಕ ಆಗಂಗಿಲ್ಲ, ನೀನ ಬಂದು ಶಾಲು ಹೊದಿಸು!"

ಹುಸೇನಪ್ಪ ಭಕ್ತಿಯಿಂದ ಹೊದಿಸಿದ. ಮೇಜಿನ ಮೇಲೆ ಅಭಿಮಾನಿಗಳು ತಂದ ಶಾಲುಗಳೂ ಇದ್ದವು. ಒಂದೊಂದಾಗಿ ಅವನ್ನೂ ಮೇಲಿಂದ ಮೇಲೆ ಹೊದಿಸಿದ. ತಲೆಗೆ ಪೇಟವನ್ನೂ ಬಿಗಿದ. ಸಾಹುಕಾರರ ಮುಖದಿಂದ ಬೆವರು ಧಾರೆಯಾಗಿ ಇಳಿಯಿತು.

"ಸಾಕಲೇ, ಧಗೀಗೆ ಸಾಯಾಕತ್ತೀನಿ! ತೆಗಿ ಇವನ್ನ!"

"ಧಗಿ ಎಲ್ಲಾ ಸೂರ್ಯನದ್ರೀ ಸಾಹುಕಾರ್ರ, ಪಾಪ ಶಾಲು ಏನು ಮಾಡ್ಯಾವ?" ಹುಸೇನಪ್ಪ ಕೈಮುಗಿದ. "ಯಾವ ಶಾಲಿಂದ ಎಷ್ಟು ಧಗಿ ಅಂತ ಪಕ್ಕಾ ಲೆಕ್ಕ ಕೊಡ್ರಿ, ಅದನ್ನಷ್ಟ ತೆಗೀತೀನಿ." ಹಾಗೆನ್ನುತ್ತಲೇ ಇನ್ನೊಂದು ಶಾಲಿನ ಮಡಿಕೆ ಬಿಚ್ಚಿದ.

ಸಭೆ ಹೋ ಎಂದಿತು. ಸಾಹುಕಾರರು ಯಾವ ಲೆಕ್ಕವನ್ನೂ ಕೇಳದೆ ಅಷ್ಟೂ ಶಾಲುಗಳನ್ನು ಕಿತ್ತೊಗೆದರು. ಪೇಟವನ್ನೂ ಬಿಡಲಿಲ್ಲ.